ಮಗುವಿನ ಸಿಆರ್‌ಪಿ 38 ಅಂದರೆ ಏನು? ಹಸುಗೂಸಿನ ನಂಜು ಮತ್ತು ರಕ್ತದಲ್ಲಿ ಸಿಗುವ ಗುರುತುಗಳು

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ವಾಟ್ಸಾಪ್‌ಗೆ ಎರಡು ಫೋಟೋ ಬಂದವು. ಕಳಿಸಿದ್ದು ಜಗಳೂರು ಕಡೆಯ ನಮ್ಮ ಚಿಕ್ಕಪ್ಪನ ಮಗ. ಅವನ ಹೆಂಡತಿಗೆ ದಾವಣಗೆರೆಯಲ್ಲಿ ಹೆರಿಗೆಯಾಗಿ ಮೂರು ದಿನ ಆಗಿತ್ತು. ಎರಡನೇ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತ್ತು, ಕೈಕಾಲು ತಣ್ಣಗಾಗಿದ್ದವು, ಎನ್‌ಐಸಿಯುಗೆ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ ಸೇರಿಸಿಕೊಂಡಿದ್ದರು. ಮೊದಲ ಫೋಟೋದಲ್ಲಿ ಸಿಆರ್‌ಪಿ, ಅಂದರೆ ಸೋಂಕಾದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್, 4. ಮಾರನೇ ದಿನದ ಫೋಟೋದಲ್ಲಿ 38. ಕೆಳಗೆ ಬರೆದಿದ್ದ: "ಅಣ್ಣ, ಇಂಜೆಕ್ಷನ್ ಶುರು ಮಾಡಿದ ಮೇಲೆ ಜಾಸ್ತಿ ಆಗೈತೆ. ಇವರು ಏನೋ ಎಡವಟ್ಟು ಮಾಡ್ಯಾರೆ ಅನ್ಸುತ್ತೆ. ಬೇರೆ ಕಡೆ ಎತ್ಕೊಂಡು ಹೋಗ್ಲಾ?"

ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆದು, ಮಿಷನ್‌ಗೆ ಹಾಕಿ, ರಿಪೋರ್ಟ್ ಕೊಡುವುದು ನನ್ನ ಕೆಲಸ. ಆದರೆ ನೆಂಟರ ಪಾಲಿಗೆ ಲ್ಯಾಬಿನವನೂ ಅರ್ಧ ಡಾಕ್ಟರೇ. ಇಂಥ ಫೋಟೋಗಳು ತಿಂಗಳಿಗೆ ಎರಡು ಮೂರಾದರೂ ಬರುತ್ತವೆ, ಹರಪನಹಳ್ಳಿಯಿಂದ, ಹೊಳಲ್ಕೆರೆಯಿಂದ, ಚಳ್ಳಕೆರೆಯಿಂದ. ಎಲ್ಲದರಲ್ಲೂ ಒಂದು ಸಂಖ್ಯೆ, ಅದರ ಪಕ್ಕ ದಪ್ಪ ಅಕ್ಷರದಲ್ಲಿ "ಹೈ". ಅವನಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಅವನಿಗೆ ಮೊದಲು ಹೇಳಿದ್ದು ಇಷ್ಟು: ಮಗುವನ್ನು ಎಲ್ಲಿಗೂ ಎತ್ತಿಕೊಂಡು ಹೋಗಬೇಡ. ಇಂಜೆಕ್ಷನ್ ಕೊಟ್ಟ ಮಾರನೇ ದಿನ ಸಿಆರ್‌ಪಿ ಏರುವುದರಲ್ಲಿ ವಿಚಿತ್ರ ಏನೂ ಇಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಂಜು ಅಂದರೆ ಯಾವ ನಂಜು?

ನಮ್ಮ ಕಡೆ ನಂಜು ಅನ್ನುವ ಮಾತಿಗೆ ನೂರೆಂಟು ಅರ್ಥ. ಗಾಯ ಕೀವಾದರೆ ನಂಜು. ಬಾಣಂತಿ ಬದನೆಕಾಯಿ ತಿಂದರೆ ನಂಜು. ಅವತ್ತು ಎನ್‌ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಗುವಿನ ಅಜ್ಜಿ ಕೂಡ, ಸೊಸೆ ಏನೋ ನಂಜಿನ ಪದಾರ್ಥ ತಿಂದಿದ್ದಾಳೆ ಅಂತಲೇ ಹಟ ಹಿಡಿದಿದ್ದರಂತೆ. ಡಾಕ್ಟರ್ "ಸೆಪ್ಸಿಸ್" ಅನ್ನುವಾಗ ಹೇಳುವುದು ಬೇರೆ. ಅದಕ್ಕೂ ಬದನೆಕಾಯಿಗೂ ಸಂಬಂಧ ಇಲ್ಲ.

ಬ್ಯಾಕ್ಟೀರಿಯಾದಂಥ ರೋಗಾಣು ಮಗುವಿನ ರಕ್ತಕ್ಕೆ ಸೇರಿ, ಅದರ ವಿರುದ್ಧ ದೇಹ ನಡೆಸುವ ಹೋರಾಟವೇ ಕೈ ಮೀರಿ, ಉಸಿರಾಟ, ರಕ್ತದೊತ್ತಡ, ಮೂತ್ರಪಿಂಡ ಎಲ್ಲದಕ್ಕೂ ಪೆಟ್ಟು ಬೀಳುವ ಸ್ಥಿತಿ ಇದು. ಹುಟ್ಟಿದ ಮೊದಲ 28 ದಿನದೊಳಗೆ ಬಂದರೆ ಅದನ್ನು ನವಜಾತ ಶಿಶುವಿನ ಸೆಪ್ಸಿಸ್ ಅನ್ನುತ್ತಾರೆ. ಮೊದಲ 72 ಗಂಟೆಯೊಳಗೆ ಬಂದರೆ ಸಾಮಾನ್ಯವಾಗಿ ಹೆರಿಗೆಯ ಹೊತ್ತಿನಲ್ಲಿ ತಾಯಿಯ ಕಡೆಯಿಂದ ಬಂದದ್ದು ಅಂತ ಲೆಕ್ಕ. ಆಮೇಲೆ ಬಂದರೆ ಆಸ್ಪತ್ರೆಯಿಂದಲೋ ಮನೆಯಿಂದಲೋ ಅಂಟಿದ್ದು. ಈ ಗೆರೆ ಅಷ್ಟೊಂದು ಕರಾರುವಾಕ್ಕಲ್ಲ. ನಮ್ಮ ದೇಶದಲ್ಲಂತೂ ಆಸ್ಪತ್ರೆಯ ರೋಗಾಣುಗಳೇ ಮೊದಲ ದಿನವೂ ಸಿಗುತ್ತವೆ.

ದೆಹಲಿಯ ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ಒಂದು ಅಧ್ಯಯನ ನಡೆಯಿತು. ಅದು 2016ರಲ್ಲಿ ಪ್ರಕಟವಾಯಿತು. ಅಲ್ಲೇ ಹುಟ್ಟಿ ಎನ್‌ಐಸಿಯುಗೆ ಸೇರಿದ 13,530 ಮಕ್ಕಳನ್ನು ಗಮನಿಸಿದ್ದರು. ಅವರಲ್ಲಿ ಶೇಕಡ 14.3ರಷ್ಟು ಮಕ್ಕಳಿಗೆ ಸೆಪ್ಸಿಸ್ ಆಗಿತ್ತು. ಸುಮಾರು ಮೂರನೇ ಎರಡು ಭಾಗ ಮೊದಲ 72 ಗಂಟೆಯೊಳಗೇ ಬಂದಿತ್ತು. ಸಿಕ್ಕ ರೋಗಾಣುಗಳಲ್ಲಿ ಮುಂದಿದ್ದವು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ ಕೊಲೈ. ಈ ಹೆಸರುಗಳನ್ನು ನೆನಪಿಡಬೇಕಾಗಿಲ್ಲ, ಆದರೆ ಅಲ್ಲಿ ಸಿಕ್ಕ ಅಸಿನೆಟೋಬ್ಯಾಕ್ಟರ್‌ನಲ್ಲಿ ಶೇಕಡ 82ರಷ್ಟು ಹಲವು ಬಗೆಯ ಆಂಟಿಬಯೋಟಿಕ್‌ಗಳಿಗೆ ಬಗ್ಗದವು. ಇದು ಮುಂದೆ ಬೇಕಾಗುತ್ತದೆ.

ದೊಡ್ಡವರಿಗೆ ಸೋಂಕಾದರೆ ಜ್ವರ, ನಡುಕ, ಮೈಕೈ ನೋವು. ಹಸುಗೂಸು ಹಾಗೆ ತೋರಿಸುವುದಿಲ್ಲ. ಹಾಲು ಬಿಡುತ್ತದೆ, ಮಂಕಾಗುತ್ತದೆ, ಉಸಿರು ಜೋರಾಗುತ್ತದೆ. ಎಷ್ಟೋ ಸಲ ಜ್ವರದ ಬದಲು ಮೈ ತಣ್ಣಗಾಗುತ್ತದೆ. ಇದರಲ್ಲಿ ಯಾವುದೂ ಸೆಪ್ಸಿಸ್‌ಗೆ ಮಾತ್ರ ಸೀಮಿತ ಅಲ್ಲ, ಚಳಿಗೆ, ಸಕ್ಕರೆ ಅಂಶ ಇಳಿದದ್ದಕ್ಕೆ, ದಿನ ತುಂಬದೆ ಹುಟ್ಟಿದ್ದಕ್ಕೂ ಹೀಗೇ ಆಗಬಹುದು. ಜೊತೆಗೆ, ತಾಯಿಯಿಂದ ಮಗುವಿಗೆ ಹೋಗುವ ರಕ್ಷಣೆಯ ಪ್ರತಿಕಾಯಗಳಲ್ಲಿ ಹೆಚ್ಚಿನ ಪಾಲು ದಾಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಏಳು ತಿಂಗಳಿಗೇ ಹುಟ್ಟಿದ ಮಗುವಿನ ಕೈಗೆ ಆ ಬುತ್ತಿ ಪೂರ್ತಿ ಸಿಕ್ಕಿರುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದ ಮಗು ಸಂಜೆಗೆ ವೆಂಟಿಲೇಟರ್ ಮೇಲೆ ಇರುವುದು ಇದಕ್ಕೇ.

ರೋಗಾಣುವನ್ನೇ ಹಿಡಿಯಬಾರದಾ?

ಹಿಡಿಯಬಹುದು. ಅದೇ ಬ್ಲಡ್ ಕಲ್ಚರ್. ಇವತ್ತಿಗೂ ಸೆಪ್ಸಿಸ್ ಇದೆಯೋ ಇಲ್ಲವೋ ಅನ್ನುವುದಕ್ಕೆ ಕೊನೆಯ ಮಾತು ಅದರದೇ.

ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತೀವಲ್ಲ, ಹೆಚ್ಚು ಕಡಿಮೆ ಅದೇ ಕೆಲಸ. ಚಮಚ ಮಜ್ಜಿಗೆಯಲ್ಲಿರುವ ಬ್ಯಾಕ್ಟೀರಿಯಾ ಬೆಚ್ಚಗಿನ ಹಾಲಿನಲ್ಲಿ ರಾತ್ರಿಯಿಡೀ ಬೆಳೆದು ಬೆಳಿಗ್ಗೆಗೆ ಮೊಸರು. ಇಲ್ಲಿ ಹಾಲಿನ ಬದಲು ಪೋಷಕಾಂಶ ತುಂಬಿದ ಬಾಟಲಿ, ಹೆಪ್ಪಿನ ಬದಲು ಮಗುವಿನ ರಕ್ತ. ರಕ್ತದಲ್ಲಿ ರೋಗಾಣು ಇದ್ದರೆ ಬಾಟಲಿಯಲ್ಲಿ ಬೆಳೆಯುತ್ತದೆ, ಮಿಷನ್ ಅದನ್ನು ಗುರುತಿಸುತ್ತದೆ. ಇರುವುದಾದರೆ ಬಹುಪಾಲು ಒಂದೂವರೆ ದಿನದೊಳಗೆ ಗೊತ್ತಾಗುತ್ತದೆ. ಇಲ್ಲ ಅಂತ ಧೈರ್ಯವಾಗಿ ಹೇಳಲು ಎರಡು ದಿನವಾದರೂ ಬೇಕು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದಕ್ಕೆ ಮತ್ತೊಂದು ದಿನ.

ಎರಡು ತೊಡಕು. ಒಂದು ಹೊತ್ತು. ಗಂಟೆಗಳ ಲೆಕ್ಕದಲ್ಲಿ ಕೆಡುವ ಮಗುವಿಗೆ ಎರಡು ದಿನ ಕಾಯುವಷ್ಟು ವ್ಯವಧಾನ ಎಲ್ಲಿದೆ? ಇನ್ನೊಂದು ರಕ್ತದ ಅಳತೆ. ಹೆಪ್ಪು ತೀರಾ ಕಡಿಮೆಯಾದರೆ ಬೆಳಿಗ್ಗೆ ಹಾಲು ಹಾಲಾಗಿಯೇ ಇರುತ್ತದೆ, ಅಲ್ವಾ? ಕಲ್ಚರ್‌ಗೆ ಒಂದು ಮಿಲಿಲೀಟರ್ ಆದರೂ ಬೇಕು. ದಿನ ತುಂಬದೆ ಹುಟ್ಟಿದ ಒಂದೂವರೆ ಕೆಜಿ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 140 ಮಿಲಿಲೀಟರ್, ಒಂದು ಟೀ ಲೋಟದಷ್ಟು. ದಾರದಂಥ ನರದಿಂದ ಅರ್ಧ ಮಿಲಿಲೀಟರ್ ಸಿಕ್ಕರೆ ನಮ್ಮ ಕೈ ನಡುಗುವುದು ನಿಲ್ಲುತ್ತದೆ. ಹೀಗಾಗಿ ಕಲ್ಚರ್ ನೆಗೆಟಿವ್ ಬಂದರೂ ಮಗುವಿಗೆ ಸೋಂಕು ಇರುವ ಸಾಧ್ಯತೆ ಉಳಿದೇ ಇರುತ್ತದೆ.

ಹಾಗಾದರೆ ಎಲ್ಲ ಮಕ್ಕಳಿಗೂ ಮೊದಲೇ ಆಂಟಿಬಯೋಟಿಕ್ ಕೊಟ್ಟುಬಿಡಬಹುದಲ್ಲ ಅಂತ ಕೇಳಬಹುದು. ಲಕ್ಷಣ ಇರುವ ಮಗುವಿಗೆ ಕೊಟ್ಟೇ ಕೊಡುತ್ತಾರೆ, ಯಾವ ರಿಪೋರ್ಟನ್ನೂ ಕಾಯುವುದಿಲ್ಲ. ಆದರೆ ಬೇಡದ ಮಗುವಿಗೆ ದಿನಗಟ್ಟಲೆ ಕೊಟ್ಟರೆ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ಕರುಳಿನ ಗಂಭೀರ ಕಾಯಿಲೆಯ ಅಪಾಯ ಏರುತ್ತದೆ, ಮತ್ತೆ ಮೇಲೆ ಹೇಳಿದ 82ರಂಥ ಸಂಖ್ಯೆಗಳು ಹುಟ್ಟುತ್ತವೆ.

ಕಲ್ಚರ್ ಬರುವವರೆಗಿನ ಆ ಎರಡು ದಿನದ ಕತ್ತಲಲ್ಲಿ ದಾರಿ ತೋರಿಸುವುದಕ್ಕೆ ಬೇಕಾಗಿರುವುದೇ ಬಯೋಮಾರ್ಕರ್.

ಬಯೋಮಾರ್ಕರ್ ಅಂದರೆ

ಬಯೋಮಾರ್ಕರ್ ಅಂದರೆ ದೇಹದ ಒಳಗೆ ಏನೋ ನಡೆಯುತ್ತಿದೆ ಅಂತ ಹೊರಗಿನಿಂದ ಅಳೆದು ತಿಳಿಯಬಹುದಾದ ಗುರುತು. ಸೋಂಕಿನ ಬಯೋಮಾರ್ಕರ್‌ಗಳು ರೋಗಾಣುವನ್ನು ಅಳೆಯುವುದಿಲ್ಲ. ರೋಗಾಣುವನ್ನು ಕಂಡು ದೇಹ ಎಬ್ಬಿಸಿದ ಗದ್ದಲವನ್ನು ಅಳೆಯುತ್ತವೆ. ಗೊಂದಲವೆಲ್ಲ ಶುರುವಾಗುವುದೇ ಇಲ್ಲಿಂದ.

ದಾವಣಗೆರೆಯಲ್ಲಿ ಹತ್ತಿ ವಹಿವಾಟು ಜೋರಾಗಿದ್ದ ಕಾಲದ ಒಂದು ಗೋದಾಮು ಊಹಿಸಿಕೊಳ್ಳಿ. ಮೂಲೆಯಲ್ಲೊಂದು ಅಂಡಿಗೆಗೆ ಬೆಂಕಿ ಬಿತ್ತು. ಮೊದಲು ಯಾರೋ ಕೂಗುತ್ತಾರೆ. ಕೆಲವೇ ನಿಮಿಷ, ಆ ಕೂಗು ನಿಂತುಹೋಗುತ್ತದೆ. ಆಮೇಲೆ ಅಕ್ಕಪಕ್ಕದವರು ಬಕೆಟ್ ಹಿಡಿದು ಓಡಿಬರುತ್ತಾರೆ. ಕೊನೆಗೆ ಫೈರ್ ಇಂಜಿನ್. ಅದು ಬರುವುದು ತಡ, ಬಂದ ಮೇಲೆ ಬೆಂಕಿ ಆರಿದರೂ ಗಂಟೆಗಟ್ಟಲೆ ಅಲ್ಲೇ ನಿಂತಿರುತ್ತದೆ.

ಮಗುವಿನ ರಕ್ತದಲ್ಲಿ ಆ ಮೊದಲ ಕೂಗು ಇಂಟರ್‌ಲ್ಯೂಕಿನ್-6, ಲ್ಯಾಬಿನಲ್ಲಿ ಐಎಲ್-6 ಅಂತಾರೆ. ರೋಗಾಣು ಕಂಡ ಒಂದೆರಡು ಗಂಟೆಯಲ್ಲೇ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಬಕೆಟ್ ಹಿಡಿದು ಬರುವವರು ಪ್ರೊಕ್ಯಾಲ್ಸಿಟೋನಿನ್, ಏರಲು ಎರಡರಿಂದ ನಾಲ್ಕು ಗಂಟೆ. ಫೈರ್ ಇಂಜಿನ್ ಸಿಆರ್‌ಪಿ. ಐಎಲ್-6ರ ಕೂಗು ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಕೇಳಿಸಿ, ಅದು ಸಿಆರ್‌ಪಿ ತಯಾರಿಸಿ, ರಕ್ತದಲ್ಲಿ ಕಣ್ಣಿಗೆ ಬೀಳುವಷ್ಟು ಆಗಲು ಹತ್ತು ಹನ್ನೆರಡು ಗಂಟೆ ಬೇಕು. ತುತ್ತತುದಿಗೆ ಏರುವುದು 36ರಿಂದ 48 ಗಂಟೆಗೆ.

ನಮ್ಮ ತಮ್ಮನ ಮಗುವಿಗೆ ಮೊದಲ ರಕ್ತ ತೆಗೆದದ್ದು ಹಾಲು ಬಿಟ್ಟ ಒಂದು ಗಂಟೆಗೆ. ಬೆಂಕಿ ಬಿದ್ದಿತ್ತು, ಫೈರ್ ಇಂಜಿನ್ ಇನ್ನೂ ದಾರಿಯಲ್ಲಿತ್ತು. ಅದಕ್ಕೇ 4. ಡಾಕ್ಟರ್ ಆ 4 ನೋಡಿ ಸುಮ್ಮನಿರದೆ, ಮಗುವಿನ ಸ್ಥಿತಿ ನೋಡಿ ಆಂಟಿಬಯೋಟಿಕ್ ಶುರು ಮಾಡಿದರು. ಮಾರನೇ ದಿನದ 38, ಹಿಂದಿನ ದಿನವೇ ಹೊತ್ತಿದ್ದ ಬೆಂಕಿಯ ಲೆಕ್ಕ. ಇಂಜೆಕ್ಷನ್‌ನಿಂದ ಏರಿದ್ದಲ್ಲ.

ಸಿಆರ್‌ಪಿ: ಹಳೆಯದು, ಅಗ್ಗದ್ದು, ನಿಧಾನದ್ದು

ಸಿಆರ್‌ಪಿ ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ಅಮೆರಿಕದ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಮೇಲಿನ 'ಸಿ' ಅನ್ನುವ ಪದಾರ್ಥಕ್ಕೆ ಅಂಟಿಕೊಳ್ಳುತ್ತಿತ್ತು, ಅದಕ್ಕೇ ಆ ಹೆಸರು. ಇದರ ಕೆಲಸ ಬ್ಯಾಕ್ಟೀರಿಯಾ ಮೇಲೆ, ಸತ್ತ ಜೀವಕೋಶದ ಮೇಲೆ ಕೂತು ಬಾವುಟ ನೆಡುವುದು. ಬಾವುಟ ಕಂಡ ಕಡೆ ರಕ್ಷಣಾ ಪಡೆ ನುಗ್ಗುತ್ತದೆ. ತಾಯಿಯ ಸಿಆರ್‌ಪಿ ಮಾಸು ದಾಟಿ ಮಗುವಿಗೆ ಬರುವುದು ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಮಗುವಿನ ರಕ್ತದಲ್ಲಿ ಏರಿದ್ದರೆ ಅದು ಮಗುವಿನದೇ.

ಹಸುಗೂಸುಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಜಾಸ್ತಿ ಅಂತ ಹಿಡಿಯುತ್ತಾರೆ. ಇಲ್ಲಿ ಒಂದು ಸಣ್ಣ ಮಾತು, ಆದರೆ ಇದರಿಂದ ಎಷ್ಟು ಮನೆಗಳ ನಿದ್ದೆ ಕೆಟ್ಟಿದೆಯೋ! ಕೆಲವು ಲ್ಯಾಬುಗಳು ಲೀಟರಿಗೆ ಇಷ್ಟು ಅಂತ ಕೊಡುತ್ತವೆ, ಕೆಲವು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ ಇಷ್ಟು ಅಂತ. ಒಂದು ಕಡೆ 1.2, ಇನ್ನೊಂದು ಕಡೆ 12 ಬಂದರೆ ಹತ್ತು ಪಟ್ಟು ಏರಿತು ಅಂತ ಎದೆ ಒಡೆದುಕೊಳ್ಳಬೇಡಿ. ಎರಡೂ ಒಂದೇ. ಸಂಖ್ಯೆಯ ಮುಂದಿರುವ ಅಳತೆಯನ್ನು ಮೊದಲು ನೋಡಿ.

ಸಣ್ಣ ಲ್ಯಾಬುಗಳ ರಿಪೋರ್ಟಿನಲ್ಲಿ 6, 12, 24, 48 ಅನ್ನುವ ಸಂಖ್ಯೆಗಳೇ ಮತ್ತೆ ಮತ್ತೆ ಕಾಣುವುದನ್ನು ಗಮನಿಸಿದ್ದೀರಾ? ಅದು ಸ್ಲೈಡ್ ಮೇಲೆ ಮಾಡುವ ಲ್ಯಾಟೆಕ್ಸ್ ಪರೀಕ್ಷೆ. ಹಾಲಿನಂಥ ಬಿಳಿ ದ್ರವ, ಅದರೊಂದಿಗೆ ಸೀರಂ, ಅಂದರೆ ಕಣಗಳನ್ನು ಬೇರ್ಪಡಿಸಿದ ರಕ್ತದ ತಿಳಿ ಬೆರೆಸಿದಾಗ ಸಿಆರ್‌ಪಿ ಇದ್ದರೆ ಹಾಲು ಒಡೆದ ಹಾಗೆ ಹರಳುಹರಳಾಗುತ್ತದೆ. ಎಷ್ಟಿದೆ ಅಂತ ತಿಳಿಯಲು ಅರ್ಧಕ್ಕರ್ಧ ತೆಳು ಮಾಡುತ್ತಾ ಹೋಗಿ, ಎಲ್ಲಿಯವರೆಗೆ ಒಡೆಯುತ್ತದೆ ಅಂತ ನೋಡುತ್ತೇವೆ. ಹಾಗಾಗಿ 24 ಅಂದರೆ ಕರಾರುವಾಕ್ಕಾಗಿ 24 ಅಲ್ಲ, ಮೆಟ್ಟಿಲಿನ ಮೂರನೇ ಹೆಜ್ಜೆ ಅಷ್ಟೇ. ದೊಡ್ಡ ಲ್ಯಾಬುಗಳಲ್ಲಿ ಮಿಷನ್ ಬೆಳಕು ಹಾಯಿಸಿ ಎಷ್ಟು ಮಬ್ಬಾಯಿತು ಅಂತ ಅಳೆಯುತ್ತದೆ, ಅಲ್ಲಿ 38 ಅಂದರೆ ಸುಮಾರಾಗಿ 38. ಸ್ಲೈಡಿನ 24ನ್ನು ಮಿಷನ್ನಿನ 31ರ ಪಕ್ಕ ಇಟ್ಟು ಏರಿತೋ ಇಳಿಯಿತೋ ಅಂತ ಲೆಕ್ಕ ಹಾಕಿದರೆ ತಪ್ಪುತ್ತದೆ.

ಸಿಆರ್‌ಪಿ ಏರಲು ಸೋಂಕೇ ಬೇಕು ಅಂತ ಏನೂ ಇಲ್ಲ. ಮಗು ಹೊಟ್ಟೆಯಲ್ಲೇ ಮಲ ಮಾಡಿ ಅದನ್ನು ಉಸಿರಿಗೆ ಎಳೆದುಕೊಂಡಿದ್ದರೂ, ಹುಟ್ಟುವಾಗ ಉಸಿರುಗಟ್ಟಿದ್ದರೂ, ಆಪರೇಷನ್ ಆಗಿದ್ದರೂ ಏರುತ್ತದೆ.

ಮಂಡಕ್ಕಿ ಭಟ್ಟಿಯ ಹೊಗೆ ಮತ್ತು ಪ್ರೊಕ್ಯಾಲ್ಸಿಟೋನಿನ್

ದಾವಣಗೆರೆಯ ಮಂಡಕ್ಕಿ ಭಟ್ಟಿ ಕಡೆ ಹೋದವರಿಗೆ ಗೊತ್ತು, ಅಲ್ಲಿ ಭಟ್ಟಿ ಉರಿಯುವ ಹೊತ್ತಿನಲ್ಲಿ ಹೊಗೆ ಕಂಡರೆ ಯಾರೂ ಫೈರ್ ಆಫೀಸಿಗೆ ಫೋನ್ ಮಾಡುವುದಿಲ್ಲ. ಅಷ್ಟೇ ಹೊಗೆ ಪಿಜೆ ಬಡಾವಣೆಯ ಮನೆಯ ಕಿಟಕಿಯಿಂದ ಬಂದರೆ ಊರೆಲ್ಲ ಸೇರುತ್ತದೆ. ಹೊಗೆ ಒಂದೇ, ಜಾಗ ಬೇರೆ.

ಹುಟ್ಟಿದ ಮೊದಲ ಎರಡು ದಿನ ಮಗುವಿನ ರಕ್ತ ಆ ಭಟ್ಟಿ ಇದ್ದ ಹಾಗೆ. ಪ್ರೊಕ್ಯಾಲ್ಸಿಟೋನಿನ್ ವಿಷಯದಲ್ಲಿ ಇದು ತುಂಬಾ ಸ್ಪಷ್ಟ. ಸಾಮಾನ್ಯ ದಿನಗಳಲ್ಲಿ ಇದು ಥೈರಾಯ್ಡ್ ಗ್ರಂಥಿಯಲ್ಲಿ ಒಂದು ಹಾರ್ಮೋನಿನ ಕಚ್ಚಾ ಮಾಲು. ಬ್ಯಾಕ್ಟೀರಿಯಾ ಸೋಂಕಾದಾಗ ಮೈಯ ಹಲವಾರು ಅಂಗಗಳು ಇದನ್ನು ಸುರಿಯಲು ಶುರು ಮಾಡುತ್ತವೆ. ಸೋಂಕಿಗೂ ಇದಕ್ಕೂ ಇರುವ ನಂಟು 1993ರಲ್ಲಿ ಫ್ರಾನ್ಸಿನ ವೈದ್ಯರ ಕೆಲಸದಿಂದ ಬೆಳಕಿಗೆ ಬಂತು. ದೊಡ್ಡವರಲ್ಲಿ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ ದಾಟಿದರೆ ಹುಬ್ಬೇರಿಸುತ್ತಾರೆ. ಆದರೆ ಪೂರ್ತಿ ಆರೋಗ್ಯವಾಗಿರುವ ಹಸುಗೂಸಿನಲ್ಲಿ, ಹುಟ್ಟಿದ 24 ಗಂಟೆಯ ಹೊತ್ತಿಗೆ, ಇದು 10 ದಾಟಿದರೂ ಸಹಜವಾಗಿರಬಹುದು! ಆಮೇಲೆ ತಾನಾಗಿಯೇ ಇಳಿದು ಮೂರನೇ ದಿನದ ಹೊತ್ತಿಗೆ ದೊಡ್ಡವರ ಮಟ್ಟಕ್ಕೆ ಬರುತ್ತದೆ.

ರಿಪೋರ್ಟಿನಲ್ಲಿ ಅಚ್ಚಾಗಿರುವ "ನಾರ್ಮಲ್" ಬಹಳ ಸಲ ದೊಡ್ಡವರದ್ದು. ಒಂದು ದಿನದ ಮಗುವಿನ 6ರ ಪಕ್ಕ ಅದು "ಹೈ" ಅಂತ ಅಚ್ಚು ಹಾಕುತ್ತದೆ, ಮಿಷನ್‌ಗೆ ಮಗುವಿನ ವಯಸ್ಸು ಗಂಟೆಯಲ್ಲಿ ಗೊತ್ತಿರುವುದಿಲ್ಲ. ಬಿಳಿ ರಕ್ತಕಣದ ಲೆಕ್ಕದಲ್ಲೂ ಇದೇ ಕತೆ. ದೊಡ್ಡವರಲ್ಲಿ 11 ಸಾವಿರ ದಾಟಿದರೆ ಜಾಸ್ತಿ. ಹುಟ್ಟಿದ ದಿನ ಮಗುವಿಗೆ 25 ಸಾವಿರ ಇದ್ದರೂ ಸಹಜ. ನಿಜಕ್ಕೂ ಹೆದರಬೇಕಾದದ್ದು 5 ಸಾವಿರಕ್ಕಿಂತ ಕಡಿಮೆಯಾದಾಗ, ಆದರೆ ನನಗೆ ಬರುವ ಫೋನುಗಳೆಲ್ಲ 25 ಸಾವಿರದ್ದೇ.

ಪ್ರೊಕ್ಯಾಲ್ಸಿಟೋನಿನ್ ಸಿಆರ್‌ಪಿಗಿಂತ ಹಲವು ಪಟ್ಟು ದುಬಾರಿ. ಅದರ ನಿಜವಾದ ಉಪಯೋಗ ಔಷಧಿ ಶುರು ಮಾಡುವುದಕ್ಕಿಂತ ನಿಲ್ಲಿಸುವುದರಲ್ಲಿ ಜಾಸ್ತಿ ಕಂಡಿದೆ. ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ಕೆನಡಾ, ಜೆಕ್ ಗಣರಾಜ್ಯದ ಆಸ್ಪತ್ರೆಗಳಲ್ಲಿ 1,710 ಮಕ್ಕಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗುವಿನ ವಯಸ್ಸಿಗೆ ತಕ್ಕ ಪ್ರೊಕ್ಯಾಲ್ಸಿಟೋನಿನ್ ಮಟ್ಟ ನೋಡಿಕೊಂಡು ಆಂಟಿಬಯೋಟಿಕ್ ನಿಲ್ಲಿಸಿದಾಗ ಅದು ಸರಾಸರಿ 65 ಗಂಟೆಯಿಂದ 55 ಗಂಟೆಗೆ ಇಳಿಯಿತು. ಹತ್ತು ಗಂಟೆ ಏನು ಮಹಾ ಅನ್ನಿಸಬಹುದು. ಮಗುವಿಗೆ ಒಂದೆರಡು ಚುಚ್ಚು ಕಡಿಮೆ, ತಾಯಿಯ ಮಡಿಲಿಗೆ ಸ್ವಲ್ಪ ಮೊದಲು.

ಹಳೆಯ "ಸೆಪ್ಸಿಸ್ ಸ್ಕ್ರೀನ್" ಇನ್ನೂ ಯಾಕಿದೆ?

ನಮ್ಮ ದೇಶದ ಆಸ್ಪತ್ರೆಗಳಲ್ಲಿ ಡಾಕ್ಟರ್ "ಸ್ಕ್ರೀನ್ ಕಳಿಸಿ" ಅಂದರೆ ಐದು ಪರೀಕ್ಷೆಗಳ ಕಟ್ಟು. ಒಟ್ಟು ಬಿಳಿ ರಕ್ತಕಣ, ಅದರಲ್ಲಿ ನ್ಯೂಟ್ರೋಫಿಲ್ ಅನ್ನುವ ಕಣಗಳ ಲೆಕ್ಕ, ಎಳೆಯ ನ್ಯೂಟ್ರೋಫಿಲ್‌ಗಳ ಪಾಲು, ಮೈಕ್ರೋ ಇಎಸ್‌ಆರ್, ಮತ್ತೆ ಸಿಆರ್‌ಪಿ. ಐದರಲ್ಲಿ ಎರಡಾದರೂ ಕೆಟ್ಟಿದ್ದರೆ ಸ್ಕ್ರೀನ್ ಪಾಸಿಟಿವ್.

ಎಳೆಯ ಕಣದ ಪಾಲು ಅಂದರೇನು? ಗಣಪತಿ ವಿಸರ್ಜನೆಯ ಬಂದೋಬಸ್ತಿಗೆ ಪೊಲೀಸರು ಸಾಲದಿದ್ದರೆ ಟ್ರೈನಿಂಗ್‌ನಲ್ಲಿರುವ ಹುಡುಗರನ್ನೂ ಬೀದಿಗೆ ನಿಲ್ಲಿಸುತ್ತಾರಲ್ಲ, ಹಾಗೆ. ಸೋಂಕು ಜೋರಾದಾಗ ಮೂಳೆಯ ಮಜ್ಜೆ ಇನ್ನೂ ಪಕ್ವವಾಗದ ಕಣಗಳನ್ನೂ ಹೊರಗೆ ಕಳಿಸುತ್ತದೆ. ಐದರಲ್ಲಿ ಒಂದಕ್ಕಿಂತ ಜಾಸ್ತಿ, ಅಂದರೆ 0.2 ದಾಟಿದರೆ, ಅನುಮಾನ.

ಮೈಕ್ರೋ ಇಎಸ್‌ಆರ್ ನನಗೆ ಅಚ್ಚುಮೆಚ್ಚು. ಮಗುವಿನ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ, ಕೂದಲಿನಂಥ ಗಾಜಿನ ನಳಿಕೆ, ಒಂದು ಗಂಟೆ ನೆಟ್ಟಗೆ ನಿಲ್ಲಿಸಿ ಕೆಂಪು ಕಣ ಎಷ್ಟು ಮಿಲಿಮೀಟರ್ ಇಳಿಯಿತು ಅಂತ ಸ್ಕೇಲು ಹಿಡಿದು ನೋಡುವುದು, ಅಷ್ಟೇ. ಮಗುವಿನ ವಯಸ್ಸು ಎಷ್ಟು ದಿನವೋ ಅದಕ್ಕೆ ಮೂರು ಸೇರಿಸಿದರೆ ಸಹಜ ಮಿತಿ, ಹೆಚ್ಚೆಂದರೆ 15. ಕರೆಂಟ್ ಬೇಡ, ಮಿಷನ್ ಬೇಡ. ಇದೊಂದೇ ನೋಡಿ ತೀರ್ಮಾನ ಮಾಡುವಂತಿಲ್ಲ, ನಿಜ. ಆದರೆ ಮಗುವಿನ ವಯಸ್ಸನ್ನು ಲೆಕ್ಕದೊಳಗೇ ಸೇರಿಸಿಕೊಂಡಿರುವುದು ನನಗೆ ಇಷ್ಟ.

ಪಾಸಿಟಿವ್ ಬಂದರೆ ಸೆಪ್ಸಿಸ್ ಇದೆ ಅಂತಲೇ?

ಲೆಕ್ಕ ತಿಳಿಯಲಿ ಅಂತ ಸುಮ್ನೆ ಕೆಲವು ಸಂಖ್ಯೆ ಹಿಡಿಯೋಣ, ಇವು ಯಾವ ಆಸ್ಪತ್ರೆಯದೂ ಅಲ್ಲ. ಅನುಮಾನದ ಮೇಲೆ 100 ಮಕ್ಕಳಿಗೆ ಪರೀಕ್ಷೆ ಮಾಡಿದೆವು. ನಿಜವಾಗಿ ಸೋಂಕಿರುವುದು 10 ಮಕ್ಕಳಿಗೆ. ನಮ್ಮ ಪರೀಕ್ಷೆ ಅವರಲ್ಲಿ 8 ಮಕ್ಕಳನ್ನು ಹಿಡಿಯುತ್ತದೆ, 2 ತಪ್ಪಿಸಿಕೊಳ್ಳುತ್ತವೆ. ಸೋಂಕಿಲ್ಲದ 90 ಮಕ್ಕಳಲ್ಲಿ ಐದಕ್ಕೊಂದರಂತೆ 18 ಮಕ್ಕಳಿಗೂ ಪಾಸಿಟಿವ್ ಅನ್ನುತ್ತದೆ.

ಈಗ ಎನ್‌ಐಸಿಯು ಹೊರಗೆ ಪಾಸಿಟಿವ್ ರಿಪೋರ್ಟ್ ಹಿಡಿದು ನಿಂತಿರುವ ಮನೆಯವರು 26. ಅದರಲ್ಲಿ ನಿಜವಾಗಿ ಸೋಂಕಿರುವ ಮಗು ಇರುವುದು 8 ಮನೆಯವರಿಗೆ. ನೆಗೆಟಿವ್ ಹಿಡಿದವರು 74, ಅವರಲ್ಲಿ ಸೋಂಕು ತಪ್ಪಿಸಿಕೊಂಡದ್ದು 2 ಮನೆ. ಅಂದರೆ ಇಂಥ ಪರೀಕ್ಷೆಯ "ಇಲ್ಲ" ಅನ್ನುವ ಮಾತಿಗೆ ಇರುವಷ್ಟು ತೂಕ "ಇದೆ" ಅನ್ನುವ ಮಾತಿಗೆ ಇಲ್ಲ. ಡಾಕ್ಟರುಗಳು ಸಿಆರ್‌ಪಿಯನ್ನು ಒಂದು ದಿನ ಬಿಟ್ಟು ಮತ್ತೆ ಮಾಡಿಸಿ, ಎರಡೂ ಸಲ ಸಹಜ ಬಂದು, ಕಲ್ಚರ್ ಕೂಡ ಖಾಲಿ ಇದ್ದು, ಮಗು ಚುರುಕಾಗಿದ್ದರೆ ಔಷಧಿ ನಿಲ್ಲಿಸುವುದು ಈ ಲೆಕ್ಕದ ಮೇಲೆಯೇ.

ಎರಡನೇ ಸಲ ಯಾಕೆ ಮಾಡಿಸುತ್ತಾರೆ ಅನ್ನುವುದಕ್ಕೆ ಚಿತ್ರದುರ್ಗ ಜಿಲ್ಲೆಯವರಿಗೆ ಮಾರಿಕಣಿವೆ ಉದಾಹರಣೆ ಸಾಕು. ಡ್ಯಾಮಿನಲ್ಲಿ 115 ಅಡಿ ನೀರಿದೆ ಅಂತ ಒಂದು ಸಾಲು ಓದಿದರೆ ಏನು ತಿಳಿಯುತ್ತದೆ? ಹೋದ ವಾರ 110 ಇದ್ದು 115 ಆಗಿದ್ದರೆ ಹಿರಿಯೂರಿನವರ ಮುಖ ಅರಳುತ್ತದೆ. 120 ಇದ್ದು 115ಕ್ಕೆ ಇಳಿದಿದ್ದರೆ ಅದು ಬೇರೆ ಸುದ್ದಿ. ಸಿಆರ್‌ಪಿಯಲ್ಲಿ ಏರುವುದು ಇಳಿಯುವುದರ ಅರ್ಥ ಇದಕ್ಕೆ ತಿರುವುಮುರುವು, ಆದರೆ ಓದುವ ಕ್ರಮ ಇದೇ. ಲಿವರ್ ತಯಾರಿಸುವುದನ್ನು ನಿಲ್ಲಿಸಿದ ಮೇಲೆ ರಕ್ತದಲ್ಲಿರುವ ಸಿಆರ್‌ಪಿ ಸುಮಾರು 19 ಗಂಟೆಗೆ ಅರ್ಧವಾಗುತ್ತದೆ. ಔಷಧಿ ನಾಟಿದರೆ ಎರಡು ಮೂರು ದಿನದಲ್ಲಿ ಇಳಿಜಾರು ಕಾಣಬೇಕು. ಕಾಣದಿದ್ದರೆ ಡಾಕ್ಟರ್ ಬೇರೆ ಔಷಧಿಯ, ಬೇರೆ ಕಾರಣದ ಯೋಚನೆ ಮಾಡುತ್ತಾರೆ.

ಹೊಸದೇನು?

ಹುಡುಕಾಟ ನಡೆದೇ ಇದೆ. ಮೊದಲ ಕೂಗಾದ ಐಎಲ್-6ನ್ನು ತಡವಾಗಿ ಬರುವ ಸಿಆರ್‌ಪಿ ಜೊತೆ ಸೇರಿಸಿ ನೋಡುವುದು, ಹೊಕ್ಕುಳ ಬಳ್ಳಿಯ ರಕ್ತದಲ್ಲೇ ಅಳೆದು ಮಗುವಿಗೆ ಒಂದು ಚುಚ್ಚು ಉಳಿಸುವುದು, ಇವು ಕೆಲವು ದಾರಿ. ನ್ಯೂಟ್ರೋಫಿಲ್ ಮೇಲೆ ಮೂಡುವ ಸಿಡಿ64 ಅನ್ನುವ ಗುರುತು ಬೇಗ ಏರುತ್ತದೆ, ಆದರೆ ಅಳೆಯಲು ದುಬಾರಿ ಮಿಷನ್ ಬೇಕು. ಜಪಾನಿನಲ್ಲಿ ಕಂಡುಕೊಂಡ ಪ್ರೆಸೆಪ್ಸಿನ್ ಅನ್ನುವುದೂ ಇದೆ. 2014ರಲ್ಲಿ ಬ್ರಿಟನ್ನಿನ ಸಂಶೋಧಕರು ಮಗುವಿನ ಒಂದು ಹನಿ ರಕ್ತದಲ್ಲಿ 52 ಜೀನುಗಳ ಏರಿಳಿತ ನೋಡಿ ಬ್ಯಾಕ್ಟೀರಿಯಾ ಸೋಂಕನ್ನು ಗುರುತಿಸಬಹುದು ಅಂತ ತೋರಿಸಿದರು. ಎಲ್ಲಕ್ಕೂ ಒಂದೇ ಪ್ರಶ್ನೆ: ರಾತ್ರಿ ಎರಡು ಗಂಟೆಗೆ, ಜಿಲ್ಲಾ ಆಸ್ಪತ್ರೆಯಲ್ಲಿ, ಅರ್ಧ ಮಿಲಿಲೀಟರ್ ರಕ್ತದಲ್ಲಿ, ಒಂದು ಗಂಟೆಯೊಳಗೆ ಉತ್ತರ ಕೊಡುತ್ತದಾ?

ಮನೆಯಲ್ಲಿ ನೋಡಬೇಕಾದದ್ದು

ಯಾವ ಬಯೋಮಾರ್ಕರ್ ಆದರೂ ಮಗು ಆಸ್ಪತ್ರೆ ತಲುಪಿದ ಮೇಲಿನ ಮಾತು. ಮನೆಗೆ ಬಂದ ಮೇಲೆ ಮಗು ಹಾಲು ಬಿಟ್ಟರೆ, ತಟ್ಟಿ ಎಬ್ಬಿಸಿದರೂ ಮಂಕಾಗಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡಿದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ಫಿಟ್ಸ್ ಬಂದರೆ, ಮೈ 99.5 ಡಿಗ್ರಿ ಮುಟ್ಟಿದರೆ ಅಥವಾ 95.9ಕ್ಕಿಂತ ತಣ್ಣಗಾದರೆ ಬೆಳಗಾಗಲಿ ಅಂತ ಕಾಯಬೇಡಿ. ನೀರು ಒಡೆದು 18 ಗಂಟೆಯ ಮೇಲೆ ಹೆರಿಗೆಯಾಗಿದ್ದರೆ, ಹೆರಿಗೆ ಹೊತ್ತಿನಲ್ಲಿ ತಾಯಿಗೆ ಜ್ವರ ಇದ್ದಿದ್ದರೆ, ಮಗು ದಿನ ತುಂಬದೆ ಹುಟ್ಟಿದ್ದರೆ ಇನ್ನೂ ಎಚ್ಚರ ಬೇಕು, ಡಾಕ್ಟರಿಗೆ ಅದನ್ನು ಕೇಳುವ ಮೊದಲೇ ಹೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಅವರ ಹತ್ತಿರ ಥರ್ಮಾಮೀಟರ್ ಇರುತ್ತದೆ. ಕರೆದುಕೊಂಡು ಹೋಗಲು 108 ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿನ ಚಿಕಿತ್ಸೆ ಉಚಿತ.

ನಮ್ಮ ತಮ್ಮನ ಮಗುವಿನ ಕಲ್ಚರ್ ಬಾಟಲಿಯಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯಿತು. ಆಗಲೇ ಕೊಡುತ್ತಿದ್ದ ಔಷಧಿಗಳಲ್ಲಿ ಒಂದಕ್ಕೆ ಅದು ಬಗ್ಗುತ್ತಿತ್ತು, ಪುಣ್ಯ. ಮೂರನೇ ರಿಪೋರ್ಟ್ 16, ನಾಲ್ಕನೆಯದು 5. ಮೊದಲ ಎರಡು ಫೋಟೋಗಳಲ್ಲಿ ಬರೀ ಸಂಖ್ಯೆ ಇತ್ತು. ಕೊನೆಯ ಎರಡರ ಮೂಲೆಯಲ್ಲಿ ಅವನು ಪೆನ್ನಿನಲ್ಲಿ ಬರೆದು ಕಳಿಸಿದ್ದ: "ರಕ್ತ ತೆಗೆದದ್ದು ಬೆಳಿಗ್ಗೆ 6:10. ಮಗುವಿಗೆ 97 ಗಂಟೆ." ಇನ್ನೊಂದರಲ್ಲಿ: "ಬೆಳಿಗ್ಗೆ 6:30. 145 ಗಂಟೆ. ಹಾಲು ಕುಡೀತಾ ಇದೆ."